ಯೆಜ್ದಿ ರೋಡ್‌ಕಿಂಗ್ ಬೈಕಿನ ಸ್ಪೇರ್ ಸಿಲಿಂಡರ್ ಬ್ಲಾಕ್, ಕ್ರ್ಯಾಂಕ್ ಎರಡಕ್ಕೂ ತುಕ್ಕು. ಬೆಚ್ಚಗಿನ ಜಾಗದಲ್ಲೇ ಇಟ್ಟದ್ದು, ಆದರೂ!

ಸುಳ್ಯ_ರೋಡ್‌ಕಿಂಗ್
ತಲೆ ಕೆಟ್ಟುಹೋಗಿದೆ ಮಾರ್ರೆ. ಎರಡು ವರ್ಷ ಗುಜರಿ ಗುಜರಿ ಸುತ್ತಿ ಸೇರಿಸಿದ ಸಾಮಾನು. ಸ್ಟ್ಯಾಂಡರ್ಡ್ ಬೋರಿನ (ಪಿಸ್ಟನ್ ಆಡುವ ತೂತು) ಬಳಸದ ಬ್ಲಾಕ್ ಒಂದು, ಅದಕ್ಕೆ ಪಿಸ್ಟನ್, ಎರಡು ಸೆಟ್ ರಿಂಗ್, ಕ್ರ್ಯಾಂಕ್ ಒಂದು, ಒಂದಷ್ಟು ಬೇರಿಂಗ್. ಮೇ ತಿಂಗಳಲ್ಲಿ ಎಲ್ಲದಕ್ಕೂ ಎಣ್ಣೆ ಹಚ್ಚಿ, ಪೇಪರ್ ಸುತ್ತಿ, ಡ್ರಮ್ಮಿಗೆ ಹಾಕಿ ಇಟ್ಟದ್ದು. ನಿನ್ನೆ ತೆಗೆದು ನೋಡಿದರೆ ಬೋರಿನ ಒಳಗೆಲ್ಲ ಕೇಸರಿ ಪುಡಿ. ಬ್ಲಾಕಿನ ತಳದ ಫೇಸಿನಲ್ಲಿ ನನ್ನದೇ ಹೆಬ್ಬೆಟ್ಟಿನ ಗುರುತು, ಗೆರೆಗಳ ಸಮೇತ, ತುಕ್ಕಿನಲ್ಲಿ ಒತ್ತಿದ ಹಾಗೆ. ಆಧಾರ್‌ಗೆ ಕೊಡಬಹುದು, ಅಷ್ಟು ಚಂದ ಬಂದಿದೆ.
ಸೋರುವ ಜಾಗ, ತಂಪು ಜಾಗ ಅಂತ ಯಾರೂ ಹೇಳಬೇಡಿ. ನಮ್ಮಲ್ಲಿ ಇರುವುದರಲ್ಲೇ ಅತಿ ಬೆಚ್ಚಗಿನ, ಒಣಗಿದ ಜಾಗ ಅದು. ಎಂತ ಹಚ್ಚಬೇಕು ಅದನ್ನು ಮಾತ್ರ ಹೇಳಿ. ಫೋಟೋ ಹಾಕಿದ್ದೇನೆ.

ಕಿಕ್ಕರ್_ಮೈಸೂರು
ಸಾರ್, ಬರೀ ಎಣ್ಣೆ ಅಂದ್ರೆ ಹೆಂಗೆ? ಯಾವ ಎಣ್ಣೆ?

ಸುಳ್ಯ_ರೋಡ್‌ಕಿಂಗ್
ಜೀಪಿನಿಂದ ಇಳಿಸಿದ್ದು ಒಂದು ಕ್ಯಾನ್ ಇತ್ತು, ಅದೇ. ಎಣ್ಣೆ ಎಣ್ಣೆಯೇ ಅಲ್ವಾ?

ಕಿಕ್ಕರ್_ಮೈಸೂರು
ಸಿಕ್ತು ನೋಡಿ ಕಳ್ಳ! ಓಡಿಸಿ ಇಳಿಸಿದ ಎಣ್ಣೇಲಿ ಉರಿದು ಉಳಿದ ಆಸಿಡ್ ಇರುತ್ತೆ, ನೀರಿನಂಶ ಇರುತ್ತೆ, ಮಸಿ ಇರುತ್ತೆ. ಅದನ್ನ ಬೋರಿಗೆ ಬಳಿಯೋದೂ ಒಂದೇ, ಹುಣಸೆಹಣ್ಣು ತಿಕ್ಕಿ ಬಿಡೋದೂ ಒಂದೇ. ಎಲ್ಲಾ ಸೀಮೆಎಣ್ಣೇಲಿ ತೊಳೆದು ಗ್ರೀಸ್ ಮೆತ್ತಿ. ಮುಗೀತು ಕಥೆ.

ಧಾರ್ವಾಡ_ಡಬಲ್‌ಸೈಲೆನ್ಸರ್
ಗ್ರೀಸ್ ಯಾಕ್ರೀ, ಆಮೇಲೆ ಅದನ್ನ ಪೋರ್ಟಿನೊಳಗಿಂದ ಕೆರದ್ ಕೆರದ್ ತಗ್ಯಾಕ ಸಾಕಾಗತೈತಿ. ನಾ ಹರಳೆಣ್ಣಿ ಹಚ್ಚಿ ಕಪಾಟಿನ ಮ್ಯಾಲೆ ಹಂಗ ಇಟ್ಟೇನಿ. ಹನ್ನೆರಡು ವರ್ಷ ಆತು, ಒಂದ್ ಕಲಿ ಬಿದ್ದಿಲ್ಲ.

ಕಿಕ್ಕರ್_ಮೈಸೂರು
ಹರಳೆಣ್ಣೆ ಒಣಗಿ ಅಂಟಾಗುತ್ತೆ. ಅದರಲ್ಲಿಟ್ಟ ರಿಂಗ್ ಸೆಟ್ ಒಂದನ್ನ ಬಿಡಿಸೋಕೆ ಹೋಗಿ ಎರಡು ರಿಂಗ್ ಮುರಿದುಕೊಂಡಿದೀನಿ.

ಧಾರ್ವಾಡ_ಡಬಲ್‌ಸೈಲೆನ್ಸರ್
ರಿಂಗ್ ಮುರದದ್ದು ಎಣ್ಣಿ ತಪ್ಪಲ್ರೀ, ಕೈ ತಪ್ಪು.

ಹಾರ್ನ್_ಓಕೆ
ಡಬ್ಲ್ಯೂಡಿ-40 ಒಂದು ಡಬ್ಬ ತಗೊಂಡು ಹೊಡೆದು ಬಿಡಿ ಬ್ರೋ. ಸಿಂಪಲ್.

ಕಿಕ್ಕರ್_ಮೈಸೂರು
ಅದು ನೀರನ್ನ ಹೊರಗೆ ತಳ್ಳೋಕೆ ಮಾಡಿರೋದು. ಹೆಸರಿನ ಡಬ್ಲ್ಯೂಡಿಯೇ ‘ವಾಟರ್ ಡಿಸ್‌ಪ್ಲೇಸ್‌ಮೆಂಟ್’, ನಲವತ್ತನೇ ಪ್ರಯತ್ನಕ್ಕೆ ಸರಿಹೋಗಿದ್ದಕ್ಕೆ 40. ತೆಳು ಪದರ, ಬೇಗ ಆರಿಹೋಗುತ್ತೆ. ಒಂದು ಮಳೆಗಾಲಕ್ಕೆ ಅದೊಂದನ್ನೇ ನಂಬಿ ಕೂತರೆ ಆಗಲ್ಲ.

ಹಾರ್ನ್_ಓಕೆ
ನನ್ನ ಚೈನಿಗೆ ನಾಲ್ಕು ವರ್ಷದಿಂದ ಅದೇ ಹಾಕ್ತಿರೋದು.

ಕಿಕ್ಕರ್_ಮೈಸೂರು
ಚೈನ್ ವಿಷಯಕ್ಕೆ ಬೇರೆ ಥ್ರೆಡ್ ತೆರೀರಿ, ಅಲ್ಲಿ ಜಗಳ ಆಡೋಣ.

ಪಡುವಾರಹಳ್ಳಿ_250
ಈ ಮಾತಿಗೆ ಹೇಳ್ತೀನಿ. ಕಾರ್ಖಾನೆಯವರು ಹೇಗೆ ಪ್ಯಾಕ್ ಮಾಡ್ತಿದ್ರು ಅಂತ ನೋಡಬೇಕು ಅಂದ್ರೆ ನಮ್ಮನೆಗೆ ಬನ್ನಿ. ಈ ಗಾಡಿಗಳನ್ನ ಮಾಡ್ತಿದ್ದ ನಮ್ಮ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿದ ಮೇಲೆ ನಮ್ಮಪ್ಪ ತೆಗೆದಿಟ್ಟಿದ್ದು, ಮೂರು ಕ್ರ್ಯಾಂಕ್, ಮೇಣದ ಕಾಗದ ಇನ್ನೂ ಬಿಚ್ಚಿಲ್ಲ. ಒಳಗೆ ಜೇನುತುಪ್ಪದ ಬಣ್ಣದ ಗಟ್ಟಿ ಜಿಡ್ಡು. ಒಂದರ ತುದಿ ಮಾತ್ರ ಬಿಡಿಸಿ ನೋಡಿದೆ, ಕನ್ನಡಿ. ಗಾಡಿ ನಾಲ್ಕಿದೆ: 1969ರ ಜಾವಾ ಒಂದು, ಬಿ ಟೈಪ್ ಒಂದು, ರೋಡ್‌ಕಿಂಗ್ ಎರಡು. ಜುಲೈ ಎರಡನೇ ಭಾನುವಾರ, ಜಾವಾ ದಿನಕ್ಕೆ, ನಾಲ್ಕನ್ನೂ ಹೊರಗೆ ತೆಗೀತೀನಿ. ಎಲ್ಲಾ ಎರಡನೇ ಕಿಕ್ಕಿಗೆ.

ಧಾರ್ವಾಡ_ಡಬಲ್‌ಸೈಲೆನ್ಸರ್
ಬಿ ಟೈಪಿಗೂ ಜಾವಾ ಅಂತ ಹೆಸರ ಹಾಕ್ಕೊಂಡ್ ತಿರಗತಾರ ಕೆಲವ್ರು. 1973ರಿಂದ ಟ್ಯಾಂಕಿನ ಮ್ಯಾಲೆ ಯೆಜ್ದಿ ಅಂತ ಬಂದೈತಿ, ಅದು ಯೆಜ್ದಿನ.

ಪಡುವಾರಹಳ್ಳಿ_250
ನಾನೆಲ್ಲಿ ಜಾವಾ ಅಂದೆ? ಸರಿಯಾಗಿ ಓದಿ ಸ್ವಾಮಿ.

ಸುಳ್ಯ_ರೋಡ್‌ಕಿಂಗ್
ನನ್ನ ಬ್ಲಾಕ್ ಅಲ್ಲಿ ಕೊಳೆಯುತ್ತಾ ಉಂಟು, ಇಲ್ಲಿ ಟ್ಯಾಂಕಿನ ಹೆಸರಿನ ಗಲಾಟೆ. ಇನ್ನೊಂದು ವಿಷಯ, ಈಗ ನೆನಪಾಯ್ತು. ಪಿಸ್ಟನ್‌ಗೆ ಏನೂ ಆಗಿಲ್ಲ. ಒಂದು ಸೆಟ್ ರಿಂಗಿಗೆ ಜೀಪಿನ ಎಣ್ಣೆ ಮುಟ್ಟಿಸಲೇ ಇಲ್ಲ, ಹೊಸ 2ಟಿ (ಟೂ ಸ್ಟ್ರೋಕ್) ಎಣ್ಣೆಯಲ್ಲಿ ಅದ್ದಿದ್ದು. ಅದಕ್ಕೂ ಹಿಡಿದಿದೆ. ಹಾಗಾದರೆ ಎಣ್ಣೆಯ ತಪ್ಪು ಹೇಗೆ?

ಕಿಕ್ಕರ್_ಮೈಸೂರು
ಪಿಸ್ಟನ್ ಅಲ್ಯೂಮಿನಿಯಂ, ಅದಕ್ಕೆಲ್ಲಿ ತುಕ್ಕು ಬರುತ್ತೆ? ರಿಂಗಿಗೆ ಹಳೇ ಎಣ್ಣೆ ಕೈ ತಾಗಿರಬೇಕು. ಎಣ್ಣೆಯೇ.

ಮಡಂತ್ಯಾರ್_ಮಿಸ್ತ್ರಿ
ಎರಡು ದಿನದಿಂದ ಓದ್ತಾ ಇದ್ದೇನೆ. ಸುಳ್ಯದವರೇ, ಮೂರನೇ ಫೋಟೋದ ಬಲಗಡೆ ಮೂಲೆಯಲ್ಲಿ, ಹಲಗೆಯ ಸಂದಿನಲ್ಲಿ ಕೆಳಗೆ ಕಾಣ್ತದಲ್ಲ, ಬಿದಿರಿನ ಗಳಕ್ಕೆ ಹಾಕಿದ ಕಂದು ಬಣ್ಣದ್ದು, ಅದು ಎಂತ?

ಸುಳ್ಯ_ರೋಡ್‌ಕಿಂಗ್
ಅದು ಶೀಟ್ ಮಾರ್ರೆ, ರಬ್ಬರ್. ಡ್ರಮ್ ಇರುವುದು ಹೊಗೆಗೂಡಿನ ಅಟ್ಟದಲ್ಲಿ. ಹೇಳಿದೆನಲ್ಲ, ಬೆಚ್ಚಗಿನ ಜಾಗ ಅಂತ. ಅಲ್ಲಿಗಿಂತ ಒಣ ಜಾಗ ನಮ್ಮ ಇಡೀ ಗ್ರಾಮದಲ್ಲಿ ಇಲ್ಲ.

ಮಡಂತ್ಯಾರ್_ಮಿಸ್ತ್ರಿ
ಅಯ್ಯೋ ದೇವರೇ. ಇದನ್ನು ಮೊದಲನೇ ಸಾಲಿನಲ್ಲೇ ಬರೆಯಬೇಕಿತ್ತು.
ನಮ್ಮಲ್ಲೂ ರಬ್ಬರ್ ಉಂಟು, ಅದಕ್ಕೇ ಗೊತ್ತಾದದ್ದು. ರಬ್ಬರ್ ಹಾಲು ಹೆಪ್ಪು ಹಾಕಲಿಕ್ಕೆ ನೀವು ಬಳಸುವುದು ಫಾರ್ಮಿಕ್ ಆಸಿಡ್ ತಾನೇ? ಮಿಷನ್ನಿನಲ್ಲಿ ಒತ್ತಿ, ತೊಳೆದು, ನೀರಿಳಿಯಲು ಬಿಟ್ಟ ಮೇಲೂ ಶೀಟಿನಲ್ಲಿ ನೀರು ಉಳಿದಿರ್ತದೆ. ಅದನ್ನು ಮೂರು-ನಾಲ್ಕು ದಿನ ಬಿಸಿ ಹೊಗೆಯಲ್ಲಿ ಒಣಗಿಸುವಾಗ ಆ ನೀರೆಲ್ಲ ಎಲ್ಲಿಗೆ ಹೋಗ್ತದೆ? ಮೇಲಕ್ಕೆ. ಆಸಿಡಿನ ಉಳಿಕೆಯೂ ಅದರ ಜೊತೆ. ಸೌದೆ ಹೊಗೆಯಲ್ಲೂ ವಿನೆಗರ್ ಜಾತಿಯ ಆಸಿಡ್ ಉಂಟು, ಆ ಹುಳಿ ವಾಸನೆ ಅದರದ್ದೇ. ಶೀಟ್ ಒಣಗುತ್ತದೆ ಅಂತ ಅಟ್ಟವೂ ಒಣಗಿದೆ ಅಂದುಕೊಂಡಿರಿ ನೀವು.
ಇನ್ನು ರಾತ್ರಿ ಬೆಂಕಿ ತಣ್ಣಗಾಗ್ತದೆ, ಬ್ಲಾಕೂ ತಣ್ಣಗಾಗ್ತದೆ. ಬೆಳಿಗ್ಗೆ ಬೆಂಕಿ ಹಾಕಿದ ಕೂಡಲೇ ಗಾಳಿ ಬಿಸಿಯಾಗ್ತದೆ, ದಪ್ಪ ಕಾಸ್ಟ್ ಐರನ್ ಅಷ್ಟು ಬೇಗ ಬಿಸಿಯಾಗುವುದಿಲ್ಲ. ತಣ್ಣೀರಿನ ಸ್ಟೀಲ್ ಲೋಟದ ಹೊರಗೆ ಬೆವರು ಬರುವುದಿಲ್ವಾ, ಹಾಗೆ ಬೋರಿನೊಳಗೆ ನೀರು ಕೂರ್ತದೆ. ನೀವು ಸುತ್ತಿದ ನ್ಯೂಸ್‌ಪೇಪರ್ ಅದನ್ನೆಲ್ಲ ಕುಡಿದು ಕಬ್ಬಿಣಕ್ಕೇ ಒತ್ತಿ ಹಿಡಿದುಕೊಂಡಿದೆ. ಹೆಬ್ಬೆಟ್ಟಿನದ್ದು ಬೆವರಿನ ಉಪ್ಪು. ಎಣ್ಣೆ ಹಚ್ಚುವ ಮೊದಲೇ ಮುಟ್ಟಿದ್ದೀರಿ, ಅದರ ಮೇಲೆ ಎಣ್ಣೆ ಬಳಿದಿದ್ದೀರಿ.
ಆಸಿಡ್ ಕ್ಯಾನ್ ಎಲ್ಲಿ ಇಡ್ತೀರಿ?

ಸುಳ್ಯ_ರೋಡ್‌ಕಿಂಗ್
... ಅದೇ ಅಟ್ಟದಲ್ಲಿ. ಮಕ್ಕಳ ಕೈಗೆ ಸಿಗಬಾರದು ಅಂತ.

ಕಿಕ್ಕರ್_ಮೈಸೂರು
ಸರಿ, ಒಪ್ಪಿದೆ. ಆದ್ರೂ ಜೀಪಿನ ಎಣ್ಣೆ ಒಳ್ಳೇದಲ್ಲ.

ಮಡಂತ್ಯಾರ್_ಮಿಸ್ತ್ರಿ
ಒಳ್ಳೆಯದು ಅಂತ ನಾನೆಲ್ಲಿ ಹೇಳಿದೆ? ಈಗ ಮಾಡಬೇಕಾದ್ದು: ಮೊದಲು ಡ್ರಮ್ ಕೆಳಗೆ ಇಳಿಸಿ. ಬೋರಿಗೆ ತೆಳು ಎಣ್ಣೆ ಹಾಕಿ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಲ್ಲಿ ಮೆತ್ತಗೆ ಸುತ್ತಿಸಿ ತಿಕ್ಕಿ. ಉಗುರು ಹಾಯಿಸಿ ನೋಡಿ. ಜಾರಿದರೆ ಬಚಾವು. ಉಗುರು ಸಿಕ್ಕಿಕೊಂಡರೆ ಗುಳಿ ಬಿದ್ದಿದೆ, ಲೇತ್‌ನವರಿಗೆ ತೋರಿಸಬೇಕು. ಕ್ರ್ಯಾಂಕನ್ನು ವಿನೆಗರ್, ಆಸಿಡ್ ಅಂತ ಯಾವುದರಲ್ಲೂ ಮುಳುಗಿಸಬೇಡಿ, ಬಿಗ್ ಎಂಡಿನ (ರಾಡ್ ಕ್ರ್ಯಾಂಕಿಗೆ ಸೇರುವ ತುದಿ) ರೋಲರಿನ ಒಳಗೆ ಹೋದರೆ ಮತ್ತೆ ಹೊರಗೆ ತೆಗೆಯಲಿಕ್ಕಿಲ್ಲ. ರಾಡನ್ನು ನೇರ ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಹೆದರಬೇಡಿ, ಅದು ಇರುವುದೇ ಹಾಗೆ. ಮೇಲೆ ಕೆಳಗೆ ಟಕ್ ಅಂದರೆ, ಅಥವಾ ತಿರುಗಿಸುವಾಗ ಮರಳು ಸಿಕ್ಕಿದ ಹಾಗೆ ಕೈಗೆ ತಿಳಿದರೆ, ರಾಡ್ ಕಿಟ್ ಹುಡುಕಲು ಶುರು ಮಾಡಿ.
ಇಡುವಾಗ ಕೈಗೆ ಗ್ಲೌಸ್. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಎಣ್ಣೆ ಹಚ್ಚಿ, ಬಿಗ್ ಎಂಡಿಗೆ 2ಟಿ ಸುರಿದು ತಿರುಗಿಸಿ. ನ್ಯೂಸ್‌ಪೇಪರ್ ಬೇಡ, ವಿಸಿಐ ಪೇಪರ್ ಅಂತ ಸಿಗ್ತದೆ, ಕೆಲವು ಬೇರಿಂಗ್‌ಗಳು ಅದರಲ್ಲೇ ಸುತ್ತಿ ಬರ್ತವೆ. ಅದರಿಂದ ಹೊರಡುವ ಆವಿ ಕಬ್ಬಿಣದ ಮೇಲೆ ಕೂತು ಕಾಯ್ತದೆ, ಆದ್ದರಿಂದ ಕವರಿಗೆ ಗಾಳಿ ಆಡದ ಹಾಗೆ ಜಿಪ್ ಹಾಕಲೇಬೇಕು. ಒಂದೆರಡು ವರ್ಷಕ್ಕೊಮ್ಮೆ ಬದಲಿಸಿ. ರಬ್ಬರ್ ಸೀಲುಗಳು ಇದ್ದರೆ ಬೇರೆ ಡಬ್ಬದಲ್ಲಿ, ಬಿಸಿ ತಾಗದ ಕಡೆ.

ಹಾರ್ನ್_ಓಕೆ
ಶೂ ಡಬ್ಬದಲ್ಲಿ ಬರೋ ಚಿಕ್ಕ ಪೊಟ್ಟಣ ಹಾಕಿದ್ರೆ ಸಾಕಲ್ವಾ?

ಮಡಂತ್ಯಾರ್_ಮಿಸ್ತ್ರಿ
ಇಡೀ ಡ್ರಮ್ಮಿಗೆ ಆ ಚಿಟಿಕೆ ಯಾವ ಮೂಲೆಗೆ? ಬಣ್ಣದ ಸಿಲಿಕಾ ಜೆಲ್ ಕಾಲು ಕಿಲೋ ತನ್ನಿ. ನೀಲಿ ಹೋಗಿ ಗುಲಾಬಿ ಆದರೆ ನೀರು ಕುಡಿದಿದೆ ಅಂತ ಲೆಕ್ಕ, ಸುಮಾರು 120 ಡಿಗ್ರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ ಬರ್ತದೆ. ಅಡುಗೆಯ ಬಾಣಲೆಯಲ್ಲಿ ಮಾತ್ರ ಮಾಡಬೇಡಿ, ಆ ನೀಲಿ ಕೋಬಾಲ್ಟಿನದ್ದು, ವಿಷ.

ಧಾರ್ವಾಡ_ಡಬಲ್‌ಸೈಲೆನ್ಸರ್
ನಮ್ಮ ಊರಾಗ ಇದ್ಯಾವ್ದೂ ಬೇಕಾಗಿಲ್ರೀ. ಬರೇ ಹರಳೆಣ್ಣಿ.

ಮಡಂತ್ಯಾರ್_ಮಿಸ್ತ್ರಿ
ನಿಮ್ಮ ಊರಿನ ಗಾಳಿಯನ್ನೂ ಒಂದು ಕ್ಯಾನಿನಲ್ಲಿ ತುಂಬಿಸಿ ಕಳುಹಿಸಿ ಮತ್ತೆ.

ಸುಳ್ಯ_ರೋಡ್‌ಕಿಂಗ್
ಅಪ್‌ಡೇಟ್. ಡ್ರಮ್ ಈಗ ಮಲಗುವ ಕೋಣೆಯಲ್ಲಿ, ಮಂಚದ ಅಡಿಯಲ್ಲಿ. ಹೆಂಡತಿ ಎರಡು ದಿನದಿಂದ ಅಗತ್ಯಕ್ಕೆ ಮಾತ್ರ ಮಾತಾಡ್ತಿದ್ದಾಳೆ. ಬೋರ್ ತಿಕ್ಕಿದೆ. ಮೇಲೆ ಎಲ್ಲ ಹೋಯ್ತು, ಎಕ್ಸಾಸ್ಟ್ ಪೋರ್ಟಿನ ಕೆಳಗೆ ಮೂರು ಚುಕ್ಕೆಗೆ ಉಗುರು ಸಿಕ್ಕಿಕೊಳ್ತದೆ. ಪುತ್ತೂರಿನಲ್ಲಿ ಲೇತ್‌ನವರು ನೋಡಿ 0.25 ಎಂಎಂ ಓವರ್‌ಸೈಜಿಗೆ ಬೋರ್ ಮಾಡಿದರೆ ಹೋಗ್ತದೆ ಅಂದರು. ಅಂದರೆ ನನ್ನ ಸ್ಟ್ಯಾಂಡರ್ಡ್ ಪಿಸ್ಟನ್, ಎರಡು ಸೆಟ್ ರಿಂಗ್, ಎಲ್ಲ ಶೋಕೇಸಿಗೆ. ಕ್ರ್ಯಾಂಕ್ ತಿರುಗಿಸುವಾಗ ಒಂದು ಕಡೆ ಸಣ್ಣಗೆ ಗರ್ ಅಂತದೆ. ಎರಡು ಸಲ ತೊಳೆದೆ, ಹೋಗಲಿಲ್ಲ.
@ಪಡುವಾರಹಳ್ಳಿ_250, ಆ ಮೂರು ಕ್ರ್ಯಾಂಕಿನಲ್ಲಿ ಒಂದು ಕೊಡ್ತೀರಾ? ರೇಟ್ ನೀವೇ ಹೇಳಿ.

ಕಿಕ್ಕರ್_ಮೈಸೂರು
ನಂಗೂ ಒಂದು ಬೇಕಿತ್ತು.

ಪಡುವಾರಹಳ್ಳಿ_250
ಮಾರೋಕಲ್ಲ ಸಾರ್.