ಮೆಕ್ಕೆಜೋಳದ ಹೊಲದಂಚಿನ ರೈಲ್ವೆ ಕ್ರಾಸಿಂಗ್: ನೋಟದ ದೂರ ಅಳೆಯುವುದು ಹೇಗೆ, ದುಡ್ಡು ಎಲ್ಲಿಂದ?

ಕೌಂಟಿರಸ್ತೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಕೌಂಟಿಯ ಜಲ್ಲಿರಸ್ತೆ ಬಗ್ಗೆ ಕೇಳುತ್ತಿದ್ದೇನೆ. ಒಂದೇ ಹಳಿ, ಗೂಡ್ಸ್ ಮಾತ್ರ, ಟೈಮ್‌ಟೇಬಲ್ ವೇಗ ಗಂಟೆಗೆ 60 ಮೈಲಿ. ರಸ್ತೆ ನೇರವಾಗಿ ದಾಟುವುದಿಲ್ಲ, ಹಳಿಗೂ ಅದಕ್ಕೂ 50 ಡಿಗ್ರಿ ಕೋನ. ಕ್ರಾಸ್‌ಬಕ್ (X ಆಕಾರದ ರೈಲ್ವೆ ಕ್ರಾಸಿಂಗ್ ಫಲಕ) ಮತ್ತು ಈಲ್ಡ್ (ದಾರಿ ಬಿಡಿ) ಬೋರ್ಡು ಇವೆ. ದೀಪ, ಗೇಟು ಇಲ್ಲ. ನೈಋತ್ಯ ಮೂಲೆಯಲ್ಲಿ ಹೊಲ. ಸುಗ್ಗಿಯಲ್ಲಿ ಧಾನ್ಯ ತುಂಬಿದ ಸೆಮಿ ಟ್ರಕ್‌ಗಳು (ಉದ್ದನೆಯ ಟ್ರೇಲರ್ ಲಾರಿಗಳು) ಇದೇ ದಾರಿ ಹಿಡಿಯುತ್ತವೆ, ಶಾಲಾ ಬಸ್ಸೂ ಒಂದಿದೆ.

ಭಾರತದಲ್ಲಿ ಬ್ರಾಡ್‌ಗೇಜ್ ಮೇಲಿನ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಜನವರಿ ಹೊತ್ತಿಗೆ ತೆಗೆದುಹಾಕಿದರು. ಇಲ್ಲಿ ಹಳ್ಳಿಗಾಡಿನ ತುಂಬ ಇಂಥವೇ. ನೋಟ ಸಾಲದು ಎಂದು ಲೆಕ್ಕದಲ್ಲಿ ತೋರಿಸುವುದು ಹೇಗೆ? ಅಪಘಾತದ ದಾಖಲೆ ಇಲ್ಲದ ಕ್ರಾಸಿಂಗ್‌ಗೆ ಯಾವ ನಿಧಿ ಸಿಗುತ್ತದೆ?

ಸರ್ವೇಕೋಲು

ಸರ್, ನೋಟದ ದೂರ ಎಂದರೆ ಒಂದೇ ಅಳತೆಯಲ್ಲ. ದೂರದಿಂದ ಕ್ರಾಸಿಂಗ್ ಇದೆ ಎಂದು ಕಾಣುವುದು ಒಂದು. ಓಡುತ್ತಿರುವ ವಾಹನದಿಂದ ಮೂಲೆಯಾಚೆಯ ರೈಲು ಕಾಣುವುದು ಇನ್ನೊಂದು. ನಿಂತ ವಾಹನ ಹೊರಟು ಹಳಿ ದಾಟಿ ಮುಗಿಸುವಷ್ಟು ಹೊತ್ತು ರೈಲು ದೂರದಲ್ಲಿರುವುದು ಮೂರನೆಯದು. ನಿಮ್ಮ ಕೇಸು ನಿಲ್ಲುವುದು ಮೂರನೆಯದರ ಮೇಲೆ.

ಎರಡನೆಯದಕ್ಕೆ: ರಸ್ತೆ ವೇಗ 40 ಮೈಲಿ ಎಂದುಕೊಂಡರೆ, ಪ್ರತಿಕ್ರಿಯೆಗೆ 2.5 ಸೆಕೆಂಡು, ಬ್ರೇಕಿನ ದೂರ, ಹಳಿಯಿಂದ 15 ಅಡಿ, ಬಂಪರಿನಿಂದ ಡ್ರೈವರ್ ಕಣ್ಣಿಗೆ 8 ಅಡಿ, ಎಲ್ಲ ಸೇರಿ 324 ಅಡಿ. ಅಲ್ಲಿಂದ ನೋಡಿದರೆ ಹಳಿಯುದ್ದಕ್ಕೆ ಸುಮಾರು 615 ಅಡಿ ಕಾಣಬೇಕು (ಟ್ರಕ್ ಉದ್ದ 73.5 ಅಡಿ ಹಿಡಿದು). ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 11.2 ಅಡಿಯಷ್ಟು ಇಳಿಯುತ್ತದೆ ಎಂಬುದು ಸೂತ್ರದ ಲೆಕ್ಕ. ಸಡಿಲ ಜಲ್ಲಿಯ ಮೇಲೆ ಅಷ್ಟು ಸಿಗುವುದಿಲ್ಲ, ಕಡಿಮೆ ಹಿಡಿದು ಇನ್ನೊಮ್ಮೆ ಲೆಕ್ಕ ಹಾಕಿ.

ಮೂರನೆಯದಕ್ಕೆ: 73.5 ಅಡಿಯ ಸೆಮಿ, ಎರಡೂ ಬದಿ 15 ಅಡಿ, ಹಳಿಗಳ ನಡುವೆ 5 ಅಡಿ. ಮೊದಲ ಗೇರಿನಲ್ಲಿ ಸೆಕೆಂಡಿಗೆ 8.8 ಅಡಿ ವೇಗ, ನೋಡಿ ಹೊರಡಲು 2 ಸೆಕೆಂಡು. ನಿಂತಲ್ಲಿಂದ ಆ ವೇಗಕ್ಕೆ ಏರುವ ಹೊತ್ತೂ ಸೇರಿ ಒಟ್ಟು 17.3 ಸೆಕೆಂಡು. ಅಷ್ಟರಲ್ಲಿ 60 ಮೈಲಿ ವೇಗದ ರೈಲು 1,525 ಅಡಿ ಮುಂದೆ ಬಂದಿರುತ್ತದೆ. ಇದು ನೇರ ಕ್ರಾಸಿಂಗ್‌ನ ಲೆಕ್ಕ. 50 ಡಿಗ್ರಿಯಲ್ಲಿ ಆ 35 ಅಡಿ (15+5+15) ರಸ್ತೆಯುದ್ದಕ್ಕೆ ಸುಮಾರು 46 ಆಗುತ್ತದೆ, 1.2 ಸೆಕೆಂಡು ಹೆಚ್ಚು ಬೇಕು, ದೂರ 1,630ರ ಆಸುಪಾಸಿಗೆ ಹೋಗುತ್ತದೆ. ಹಳಿಯ ಕಡೆಗೆ ಏರು ಇದ್ದರೆ ಸೂತ್ರ ನಂಬಬೇಡಿ. ತುಂಬಿದ ಟ್ರಕ್‌ಗಳು ದಾಟುವುದನ್ನು ಗಡಿಯಾರ ಹಿಡಿದು ನೋಡಿ. 22 ಸೆಕೆಂಡು ಹಿಡಿದರೆ ಬೇಕಾದದ್ದು 1,936 ಅಡಿ.

ಇನ್ನೊಂದು ಮಾತು. ರೈಲಿನ ಹಾರ್ನ್ ಕ್ರಾಸಿಂಗ್ ತಲುಪುವ 15ರಿಂದ 20 ಸೆಕೆಂಡು ಮೊದಲು ಶುರುವಾಗುತ್ತದೆ. ಅದಕ್ಕೆ ಒಂದು ಕ್ಷಣ ಮುಂಚೆ ಹೊರಟ ಸೆಮಿಗೆ ಆ ಹೊತ್ತು ಸಾಲದೆ ಹೋಗಬಹುದು. "ಹಾರ್ನ್ ಹಾಕ್ತಾರಲ್ಲ" ಎನ್ನುವವರಿಗೆ ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ತೋರಿಸಿ.

ಅಳೆಯಲು ಹಳಿಯ ಮೇಲೆ ನಡೆಯಬೇಡಿ. ಅದು ಕಂಪನಿಯ ಜಾಗ, ಅನುಮತಿ ಮತ್ತು ಫ್ಲ್ಯಾಗ್‌ಮನ್ (ರೈಲು ಬರುವುದನ್ನು ನೋಡಿಕೊಳ್ಳುವ ಕಂಪನಿಯ ಕಾವಲಿನವ) ಇಲ್ಲದೆ ಕಾಲಿಡುವಂತಿಲ್ಲ. ರಸ್ತೆಯಲ್ಲೇ ಹತ್ತಿರದ ಹಳಿಯಿಂದ 15 ಅಡಿಗೆ ಗುರುತು ಹಾಕಿ, ಅದರಿಂದ 8 ಅಡಿ ಹಿಂದೆ ನಿಂತು, ಕಾರಿಗೆ 3.5 ಅಡಿ, ಟ್ರಕ್ಕಿಗೆ 7.6 ಅಡಿ ಎತ್ತರದಿಂದ ನಾಲ್ಕೂ ಮೂಲೆ ನೋಡಿ. ನೋಟ ತಡೆಯುವ ವಸ್ತು ಯಾವುದೆಂದು ಗುರುತಿಸಿ, ಲೇಸರ್ ರೇಂಜ್‌ಫೈಂಡರಿನಿಂದಲೋ ವೈಮಾನಿಕ ಚಿತ್ರದ ಮೇಲೋ ದೂರ ಅಳೆಯಿರಿ.

ಹೊಲದಂಚು

ಮೇಲಿನ ಲೆಕ್ಕ ಸರಿಯಾಗಿದೆ. ಅಳೆಯುವ ಕಾಲ ತಪ್ಪಿದರೆ ಎಲ್ಲ ವ್ಯರ್ಥ. ಈ ಕಡೆ ರೈತರು ಒಂದು ವರ್ಷ ಮೆಕ್ಕೆಜೋಳ, ಮರುವರ್ಷ ಸೋಯಾ ಹಾಕುತ್ತಾರೆ. ಸೋಯಾ ಸೊಂಟದ ಮಟ್ಟ, ಅದರ ಮೇಲಿಂದ ರೈಲು ಚೆನ್ನಾಗಿ ಕಾಣುತ್ತದೆ. ಆ ವರ್ಷ ತಪಾಸಣೆ ಮಾಡಿದವರು "ನೋಟ ಸಾಕು" ಎಂದು ಬರೆದು ಹೋಗುತ್ತಾರೆ. ಜೋಳದ ವರ್ಷ ಆಗಸ್ಟಿನಲ್ಲಿ ಬೆಳೆ ಟ್ರಕ್ ಡ್ರೈವರ್ ಕಣ್ಣಿಗಿಂತಲೂ ಎತ್ತರ. ಜೋಳದ ವರ್ಷದ ಫೋಟೊ, ತಾರೀಕು ಸಮೇತ, ಕಡತದಲ್ಲಿ ಇರಲೇಬೇಕು.

ಗಿಡಗಂಟಿ ಕತ್ತರಿಸುವುದು ರೈಲು ಕಂಪನಿಯ ಹೊಣೆ ಎಂದು ಬಹಳ ಜನ ನಂಬಿದ್ದಾರೆ. ಫೆಡರಲ್ ನಿಯಮ ಕೇಳುವುದು ಅವರ ಜಾಗದ ಗಿಡಗಳು ಬೋರ್ಡು, ಸಿಗ್ನಲ್‌ಗಳನ್ನು ಮರೆಮಾಡಬಾರದು ಎಂದಷ್ಟೇ. ರಸ್ತೆ ಮತ್ತು ಹಳಿಯ ನಡುವಿನ ಮೂಲೆಯ ತ್ರಿಕೋನದ ಪೂರ್ತಿ ನೋಟ ಬಿಡಿಸಿಕೊಡಿ ಎನ್ನುವುದಿಲ್ಲ. ಎಷ್ಟು ಅಡಿ ಕತ್ತರಿಸಬೇಕೆಂದು ಕೆಲವು ರಾಜ್ಯಗಳ ಕಾನೂನು ಹೇಳುತ್ತದೆ. ನಿಮ್ಮ ರಾಜ್ಯದ್ದನ್ನು ತೆಗೆದು ನೋಡಿ. ಹೊಲ ಖಾಸಗಿಯಾದ್ದರಿಂದ ರೈತನ ಜೊತೆ ಕೂತು, ಮೂಲೆಯಲ್ಲಿ ಕೆಲವು ಸಾಲು ಗಿಡ್ಡ ಬೆಳೆ ಇಡುವಂತೆ ದುಡ್ಡು ಕೊಟ್ಟು ಬರವಣಿಗೆಯ ಈಸ್‌ಮೆಂಟ್ (ಜಮೀನಿನ ಬಳಕೆಯ ಮೇಲಿನ ಕಾನೂನುಬದ್ಧ ಹಕ್ಕು) ಮಾಡಿಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಹೊಲ ಗೇಣಿಗೆ ಬೇರೆಯವರ ಕೈಗೆ ಹೋದ ದಿನ ಮುರಿಯುತ್ತದೆ.

ರಸ್ತೆಯ ಉಬ್ಬನ್ನೂ ಅಳೆಯಿರಿ. ಹಳಿಯಿಂದ 30 ಅಡಿ ದೂರದಲ್ಲಿ ರಸ್ತೆ ಹಳಿಯ ಮೇಲ್ಮೈಗಿಂತ 3 ಇಂಚಿಗಿಂತ ಹೆಚ್ಚು ಮೇಲೋ ಕೆಳಗೋ ಇರಬಾರದು. ಪ್ರತಿ ಸಲ ಜಲ್ಲಿ ಹಾಕಿ ಹಳಿ ಎತ್ತಿದಾಗ ಉಬ್ಬು ಬೆಳೆಯುತ್ತದೆ, ರಸ್ತೆಯನ್ನು ಯಾರೂ ಎತ್ತುವುದಿಲ್ಲ.

ಸ್ಟಾಪ್ ಬೋರ್ಡು ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. 2022ರ ಜೂನ್ 27ರಂದು ಮಿಸೌರಿಯ ಮೆಂಡನ್ ಬಳಿ ಆಮ್‌ಟ್ರ್ಯಾಕ್‌ನ ಸೌತ್‌ವೆಸ್ಟ್ ಚೀಫ್ ಪ್ರಯಾಣಿಕ ರೈಲು ಡಂಪ್ ಟ್ರಕ್‌ಗೆ ಬಡಿದು ನಾಲ್ವರು ಸತ್ತ ಜಾಗದಲ್ಲಿ ಸ್ಟಾಪ್ ಬೋರ್ಡು ಇತ್ತು. 45 ಡಿಗ್ರಿ ಓರೆ, ಕಡಿದಾದ ಜಲ್ಲಿಯ ಏರು. ತನಿಖೆ ನಡೆಸಿದ ಎನ್‌ಟಿಎಸ್‌ಬಿ (ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ), ರೈಲು ಕಾಣದಂತೆಯೂ ಭಾರದ ಟ್ರಕ್ ಬೋರ್ಡಿನ ಬಳಿ ನಿಲ್ಲಲು ಕಷ್ಟವಾಗುವಂತೆಯೂ ಮಾಡಿದ್ದ ಕ್ರಾಸಿಂಗ್‌ನ ವಿನ್ಯಾಸವನ್ನೂ ಕಾರಣಗಳಲ್ಲಿ ಎಣಿಸಿತು. ಆಮೇಲೆ ಮಿಸೌರಿ ಪ್ರಯಾಣಿಕ ರೈಲುಗಳ ದಾರಿಯ ಇಂಥ ಕ್ರಾಸಿಂಗ್‌ಗಳಿಗೆ ರಾಜ್ಯದ ಬೊಕ್ಕಸದಿಂದಲೇ 5 ಕೋಟಿ ಡಾಲರ್ ಇಟ್ಟಿತು. ಸಾವಾದ ಮೇಲೆ ಬಂದ ದುಡ್ಡು ಅದು. ನಿಮ್ಮ ಕೌಂಟಿಗೆ ಮೊದಲೇ ಬರಬೇಕು.

ಅನುದಾನ130

ದುಡ್ಡಿನ ಮಾತು ನಾನು ಹೇಳುತ್ತೇನೆ. ನಿಮಗೆ ಹೊಂದುವುದು ಸೆಕ್ಷನ್ 130, ಅಂದರೆ ರೈಲ್ವೆ ಕ್ರಾಸಿಂಗ್‌ಗಳ ಸುರಕ್ಷತೆಗಿರುವ ಫೆಡರಲ್ ನಿಧಿ. ದೇಶಕ್ಕೆಲ್ಲ ವರ್ಷಕ್ಕೆ 24.5 ಕೋಟಿ ಡಾಲರ್, 2022ರಿಂದ 2026ರ ಹಣಕಾಸು ವರ್ಷದವರೆಗೆ. ಫೆಡರಲ್ ಪಾಲಿನ ಮಿತಿಯನ್ನು 2021ರ ಕಾನೂನು ಶೇ. 90ರಿಂದ 100ಕ್ಕೆ ಏರಿಸಿದೆ. ಹಣ ರಾಜ್ಯಕ್ಕೆ ಬರುತ್ತದೆ, ಕೌಂಟಿ ಅಲ್ಲಿಗೇ ಅರ್ಜಿ ಹಾಕಬೇಕು.

ರಾಜ್ಯದವರು ಅಪಘಾತದ ಸಾಧ್ಯತೆಯ ಸೂತ್ರದಿಂದ ಪಟ್ಟಿ ಮಾಡುತ್ತಾರೆ. ಆ ಸೂತ್ರಕ್ಕೆ ಸಾಮಾನ್ಯವಾಗಿ ಜೋಳವೂ ಗೊತ್ತಿಲ್ಲ, ಓರೆಯೂ ಗೊತ್ತಿಲ್ಲ. ಮೊದಲು ಕ್ರಾಸಿಂಗ್ ಕಂಬದ ನೀಲಿ ಫಲಕದ ಮೇಲಿನ ಆರು ಅಂಕಿ, ಒಂದು ಅಕ್ಷರದ ಸಂಖ್ಯೆ ಹಿಡಿದು ಎಫ್‌ಆರ್‌ಎ (ಫೆಡರಲ್ ರೈಲ್ವೆ ಇಲಾಖೆ) ಇನ್ವೆಂಟರಿಯಲ್ಲಿ, ಅಂದರೆ ಕ್ರಾಸಿಂಗ್‌ಗಳ ದಾಖಲೆಪಟ್ಟಿಯಲ್ಲಿ, ನಿಮ್ಮ ಕ್ರಾಸಿಂಗ್‌ನ ವಿವರ ತೆಗೆದು ನೋಡಿ. ದಿನದ ವಾಹನ ಸಂಖ್ಯೆ ಎಷ್ಟೋ ವರ್ಷ ಹಳೆಯದಿರುತ್ತದೆ. ಸುಗ್ಗಿಯಲ್ಲಿ ಹೊಸ ಎಣಿಕೆ ಮಾಡಿ, ಟ್ರಕ್‌ಗಳ ಶೇಕಡಾವಾರು ಮತ್ತು ಶಾಲಾ ಬಸ್ಸಿನ ಲೆಕ್ಕ ಸೇರಿಸಿ, ರಾಜ್ಯದ ಮೂಲಕ ತಿದ್ದಿಸಿ. ಆಮೇಲೆ ಡಯಾಗ್ನೋಸ್ಟಿಕ್ ಟೀಮ್ (ಸ್ಥಳ ಪರಿಶೀಲನಾ ತಂಡ) ಭೇಟಿ ಕೇಳಿ. ರಾಜ್ಯ, ಕೌಂಟಿ, ರೈಲು ಕಂಪನಿ ಮೂವರೂ ಸ್ಥಳದಲ್ಲಿ ನಿಂತು ಬರೆದ ವರದಿಯೇ ಅಪಘಾತವಿಲ್ಲದ ಕ್ರಾಸಿಂಗ್ ಅನ್ನು ಪಟ್ಟಿಯಲ್ಲಿ ಮೇಲೆತ್ತುವ ದಾರಿ. ಭೇಟಿ ಆಗಸ್ಟಿನಲ್ಲಿ ಇಡಿಸಿ.

ದೀಪ, ಗೇಟು, ರೈಲು ಬರುವುದನ್ನು ಗುರುತಿಸುವ ಹಳಿಯ ಸರ್ಕ್ಯೂಟ್ ಸೇರಿ ಮೂರು ನಾಲ್ಕು ಲಕ್ಷ ಡಾಲರ್ ಆಗುವುದು ಮಾಮೂಲು. ಕೆಲಸವನ್ನು ಸಾಮಾನ್ಯವಾಗಿ ರೈಲು ಕಂಪನಿಯೇ ತನ್ನ ಜನರಿಂದ ಮಾಡಿಸುತ್ತದೆ. ಫೆಡರಲ್ ಮಂಜೂರಾತಿಗೆ ಮುಂಚೆ ಖರ್ಚು ಮಾಡಿದ ಒಂದು ಡಾಲರೂ ವಾಪಸ್ ಬರುವುದಿಲ್ಲ.

ಹತ್ತಿರದಲ್ಲಿ ಇನ್ನೊಂದು ಕ್ರಾಸಿಂಗ್ ಇದ್ದರೆ ಒಂದನ್ನು ಮುಚ್ಚುವ ಯೋಚನೆ ಮಾಡಿ. ಮುಚ್ಚಿದ್ದಕ್ಕೆ ಸ್ಥಳೀಯ ಆಡಳಿತಕ್ಕೆ ಪ್ರೋತ್ಸಾಹಧನವಿದೆ: ರೈಲು ಕಂಪನಿ ಎಷ್ಟು ಕೊಡುತ್ತದೋ ಅಷ್ಟು, ಹೆಚ್ಚೆಂದರೆ 1 ಲಕ್ಷ ಡಾಲರ್. ಮೊದಲು ಇದು ಬರೀ 7,500 ಇತ್ತು.

ಕೌಂಟಿರಸ್ತೆ

ತುಂಬಾ ಉಪಕಾರವಾಯಿತು. ಕ್ರಾಸಿಂಗ್ ಎಲಿಮಿನೇಷನ್ (ಕ್ರಾಸಿಂಗ್ ನಿವಾರಣೆಯ ಫೆಡರಲ್) ಅನುದಾನದಲ್ಲಿ ವರ್ಷಕ್ಕೆ 60 ಕೋಟಿ ಡಾಲರ್ ಇದೆಯಲ್ಲ, ಅದಕ್ಕೆ ಹಾಕಬಹುದೇ? ಗೇಟು ಬಂದರೆ ಎಚ್ಚರಿಕೆಯ ಹೊತ್ತು ಎಷ್ಟು ಕೇಳಬೇಕು?

ಅನುದಾನ130

ಬರೀ ಒಂದು ಗೇಟಿಗೆ ಆಗುವುದಿಲ್ಲ. ಯೋಜನಾ ಅಧ್ಯಯನ ಬಿಟ್ಟರೆ ಅದರ ಕನಿಷ್ಠ ಅನುದಾನ 10 ಲಕ್ಷ ಡಾಲರ್, ಶೇ. 20 ನೀವು ಹೊಂದಿಸಬೇಕು, ಸಿಗ್ನಲ್ ಕೆಲಸ ಕ್ರಾಸಿಂಗ್ ಮುಚ್ಚುವ, ಸೇತುವೆಯಂಥದ್ದರಿಂದ ರಸ್ತೆ-ಹಳಿ ಬೇರ್ಪಡಿಸುವ ಅಥವಾ ಹಳಿ ಸ್ಥಳಾಂತರಿಸುವ ಯೋಜನೆಗೆ ಸೇರಿರಬೇಕು. ಹಳಿಯುದ್ದಕ್ಕೂ ಕೆಲವನ್ನು ಮುಚ್ಚಿ, ಉಳಿದವಕ್ಕೆ ಗೇಟು ಹಾಕಿ, ನಡುವೆ ಕೂಡುರಸ್ತೆ ಮಾಡುವ ಪ್ಯಾಕೇಜಾದರೆ ಕೈ ಹಾಕಿ. ಗ್ರಾಮೀಣ ಮತ್ತು ಬುಡಕಟ್ಟು ಪ್ರದೇಶಗಳಿಗೆ ಕನಿಷ್ಠ ಶೇ. 20 ಮೀಸಲಿದೆ.

ಸರ್ವೇಕೋಲು

ಎಚ್ಚರಿಕೆಗೆ ಫೆಡರಲ್ ಕನಿಷ್ಠ 20 ಸೆಕೆಂಡು. ನಿಮ್ಮ ಓರೆಗೆ ಅದು ಸಾಲದು. ದಾಟಬೇಕಾದ ದೂರ 35 ಅಡಿ ಮೀರಿದರೆ ಪ್ರತಿ 10 ಅಡಿಗೆ 1 ಸೆಕೆಂಡು ಸೇರಿಸುವುದು ಸಿಗ್ನಲ್ ವಿನ್ಯಾಸದ ಪದ್ಧತಿ. ಟ್ರಕ್‌ಗಳ ಗಡಿಯಾರದ ಲೆಕ್ಕವನ್ನೂ ಡಯಾಗ್ನೋಸ್ಟಿಕ್ ವರದಿಯಲ್ಲೇ ಬರೆಸಿ. ಸರ್ಕ್ಯೂಟಿನ ಉದ್ದ ನಿಗದಿಯಾದ ಮೇಲೆ ಕೇಳಿದರೆ ಹೊಸ ಅಂದಾಜು, ಹೊಸ ಕರಾರು, ಇನ್ನಷ್ಟು ತಿಂಗಳು.