ಪದ್ಮಿನಿಯಲ್ಲಿ ಚಿಕ್ಕಮಗಳೂರು ರ‍್ಯಾಲಿಗೆ: ಏನೇನು ತಯಾರಿ?

ಪ್ರಶ್ನೆ:
ಬೆಂಗಳೂರಿಂದ ಹಾಸನ, ಬೇಲೂರು ಮೇಲೆ ಚಿಕ್ಕಮಗಳೂರಿಗೆ, ಸುಮಾರು 245 ಕಿ.ಮೀ., ಹಳೇ ಪ್ರೀಮಿಯರ್ ಪದ್ಮಿನಿ ಕಾರಿನಲ್ಲಿ ಹೋಗಿ ಕಾರ್ ರ‍್ಯಾಲಿ ನೋಡುವ ಯೋಚನೆ. ಹೊರಡುವ ಮುಂಚೆ ಏನೇನು ನೋಡಿಕೊಳ್ಳಬೇಕು?

ಉತ್ತರ 1:
ಮೊದಲು ಪೆಟ್ರೋಲ್ ಪೈಪು ನೋಡಿ ಸರ್. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಮೆತ್ತಗಾಗಿ ಬಿರುಕು ಬಿಡುತ್ತೆ. ಎಥೆನಾಲ್ ತಡೆಯೋ ಹೋಸ್ ಹಾಕಿಸಿ, ಇಂಜಿನ್ನಿಗೆ ಪೆಟ್ರೋಲ್ ಎಳೆಯೋ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಸ್ಪೇರ್ ಒಂದು ಡಿಕ್ಕಿಯಲ್ಲಿರಲಿ. ನೆಲಮಂಗಲದ ಟ್ರಾಫಿಕ್‌ನಲ್ಲಿ ಇಂಜಿನ್ ಕಾದರೆ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತೆ. ಆಗ ಸೆಲ್ಫ್ ಹೊಡೀತಾ ಕೂರಬೇಡಿ, ಬ್ಯಾಟರಿ ಇಳಿಯುತ್ತೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿ 10 ನಿಮಿಷ ಬಿಡಿ. ಬೆಳಿಗ್ಗೆ 5ಕ್ಕೇ ಹೊರಡೋದು ಇನ್ನೂ ಒಳ್ಳೇದು.

ಉತ್ತರ 2:
ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗಾಗಿ ಕರೆಂಟ್ ಕಡಿದು ಬಿಡೋ ಪಾಯಿಂಟ್ ಇರುತ್ತಲ್ಲ, ಅದರ ಗ್ಯಾಪ್ 0.45 ಮಿ.ಮೀ. ಇಡಿ. ಪಾಯಿಂಟ್ ಸುಡದಂತೆ ಕಾಯೋ ಕಂಡೆನ್ಸರ್ ಸ್ಪೇರ್ ಬೇಕೇ ಬೇಕು, ಅದು ಹೋದರೆ ಪಾಯಿಂಟ್ ಸುಟ್ಟು ಮಿಸ್ಸಿಂಗ್ (ಇಂಜಿನ್ ತಡವರಿಸೋದು) ಶುರು. ನಾಲ್ಕೂ ಡ್ರಮ್ ಬ್ರೇಕ್, ಕಾದರೆ ಹಿಡಿತ ಕಡಿಮೆಯಾಗುತ್ತೆ, ಹಾಗಾಗಿ ಗಿರಿ (ಬೆಟ್ಟ) ಕಡೆ ಹೋದರೆ ಇಳಿಜಾರಲ್ಲಿ ಎರಡನೇ ಗೇರ್ ಬಿಡಬೇಡಿ.

ಉತ್ತರ 3:
ರ‍್ಯಾಲಿಯ ಸ್ಟೇಜ್‌ಗಳು (ಕಾರುಗಳು ಒಂದೊಂದಾಗಿ ವೇಗವಾಗಿ ಓಡೋ ಮುಚ್ಚಿದ ದಾರಿಗಳು) ಕಾಫಿ ತೋಟದ ಮಣ್ಣುದಾರಿಯಲ್ಲಿ. ಮೊದಲ ಕಾರು ಬಿಡೋ ಎಷ್ಟೋ ಮುಂಚೆ ದಾರಿ ಮುಚ್ಚುತ್ತಾರೆ, ಬೇಗ ತಲುಪಿ. ತಿರುವಿನ ಒಳಬದಿಯ ಎತ್ತರದ ದಿಬ್ಬದ ಮೇಲೆ ನಿಲ್ಲಿ. ಹೊರಬದಿ ಬೇಡವೇ ಬೇಡ, ಜಾರಿದ ಕಾರು ಅಲ್ಲಿಗೇ ನುಗ್ಗೋದು.