ಟರ್ಕಿ ಕೋಳಿಗೆ ಯಾವ ಚೋಕ್, ಯಾವ ತೋಟೆ?

ಕೇಳಿದವರು: ಮಿಸೌರಿಗೆ ಬಂದು ಆರು ವರ್ಷವಾಯಿತು. ಈ ವಸಂತದಲ್ಲಿ ಮೊದಲ ಸಲ ಟರ್ಕಿ ಬೇಟೆಗೆ ಹೊರಟಿದ್ದೇನೆ. ಕೈಯಲ್ಲಿರುವುದು 12 ಬೋರಿನ ಪಂಪ್ ಕೋವಿ, ಅದರೊಂದಿಗೆ ಬಂದ ಮಾಡಿಫೈಡ್ ಚೋಕ್, ಅಂದರೆ ತೋಟೆಯ ಚರೆ (ಸಣ್ಣ ಗುಂಡುಗಳು) ಬೇಗ ಚದುರದಂತೆ ನಳಿಗೆಯ ತುದಿಯನ್ನು ಕಿರಿದಾಗಿಸುವ ಕೊಳವೆ, ಅಷ್ಟೇನೂ ಬಿಗಿಯಲ್ಲದ್ದು. ಟಂಗ್‌ಸ್ಟನ್ ತೋಟೆಯ ಬೆಲೆ ಕೇಳಿ ಅಂಗಡಿಯಿಂದ ಬರಿಗೈಯಲ್ಲಿ ಬಂದೆ. ಅದಿಲ್ಲದೆ ಆಗದೇ?

ಮಿಸೌರಿಯ ಹಳಬರು: ಮೊದಲು ಕಾಗದ ಕೊಳ್ಳಿ, ಚೋಕ್ ಆಮೇಲೆ. 40 ಗಜ ದೂರದಲ್ಲಿ ಕಾಗದ ತೂಗುಹಾಕಿ, ಹತ್ತು ಅಂಗುಲದ ವೃತ್ತ ಬರೆದು ಹೊಡೆಯಿರಿ. ವೃತ್ತದೊಳಗೆ ನೂರು ಚರೆ ಬಿದ್ದರೆ ಸಾಕು ಎಂಬುದು ಇಲ್ಲಿನವರ ಲೆಕ್ಕ. ಈ ಹಕ್ಕಿಗೆ ಗುರಿಯಿಡುವುದು ತಲೆ, ಕತ್ತಿಗೆ ಮಾತ್ರ. ಮೈಗೆ ಹೊಡೆದರೆ ಗಾಯಗೊಂಡು ಹಾರಿಹೋಗಿ ಎಲ್ಲೋ ಸಾಯುತ್ತದೆ. 12 ಬೋರಿನ ನಳಿಗೆ ಸುಮಾರು 0.729 ಅಂಗುಲ, ಫುಲ್ ಚೋಕ್ 0.695ರ ಆಸುಪಾಸು. ಬಿಗಿಯಾದಷ್ಟೂ ಒಳ್ಳೆಯದೆಂದು ನಾನು 0.660ರದ್ದನ್ನು ತಂದೆ. ಐದನೇ ನಂಬರಿನ (ನಂಬರ್ ಹೆಚ್ಚಿದಷ್ಟೂ ಚರೆ ಸಣ್ಣದು) ಸೀಸದ ತೋಟೆ ಹೊಡೆದರೆ ವೃತ್ತದಲ್ಲಿ 71 ತೂತು, ಅವೂ ಎಡಮೂಲೆಯಲ್ಲಿ ಗುಂಪುಗೂಡಿದ್ದವು. ಗೆಳೆಯನ 0.670 ಹಾಕಿ ಅದೇ ತೋಟೆ ಹೊಡೆದಾಗ 118! ಕೋವಿಗೂ ತೋಟೆಗೂ ಜಾತಕ ಕೂಡಬೇಕು. ಅಂದ ಹಾಗೆ, ನಮ್ಮಲ್ಲಿ ನಾಲ್ಕನೇ ನಂಬರಿಗಿಂತ ದಪ್ಪ ಚರೆ ಬಳಸುವಂತಿಲ್ಲ.

ಟಂಗ್‌ಸ್ಟನ್ ಪಕ್ಷದವರು: ಸೀಸಕ್ಕೆ ನೀರಿನ ಹನ್ನೊಂದು ಪಟ್ಟು ಸಾಂದ್ರತೆ, ಟಂಗ್‌ಸ್ಟನ್ ಚರೆಗೆ ಹದಿನೆಂಟು. ಹಾಗಾಗಿ ಒಂಬತ್ತನೇ ನಂಬರಿನ ಸಣ್ಣ ಚರೆಯೂ ಸೀಸದ ಐದನೇ ನಂಬರಿನಂತೆ ಒಳಹೊಗುತ್ತದೆ. ಔನ್ಸಿಗೆ ಆ ಸೀಸದಲ್ಲಿ ಸುಮಾರು 170 ಚರೆ, ಈ ಟಂಗ್‌ಸ್ಟನ್‌ನಲ್ಲಿ 360. ನಾನು ಹೆಗಲು ಮುರಿಯುವ ಮೂರೂವರೆ ಅಂಗುಲದ ಮ್ಯಾಗ್ನಮ್ ತೋಟೆ ಬಿಟ್ಟು 20 ಬೋರಿನ ಸಣ್ಣ ಕೋವಿಗೆ ಇಳಿದದ್ದು ಇದರಿಂದಲೇ. ಗುರಿ ಹೊಂದಿಸಲು ಅಗ್ಗದ ತೋಟೆ ಬಳಸಿ, ದುಬಾರಿಯದರಲ್ಲಿ ಕಾಗದಕ್ಕೆ ಎರಡೇ ಸಾಕು. ಬೇಟೆಯಲ್ಲಿ ವರ್ಷಕ್ಕೆ ಎಷ್ಟು ಈಡು ಹೊಡೆಯುತ್ತೀರಿ ಹೇಳಿ!

ಕೊಡಗಿನಿಂದ ಹೋದವರು: ನಾನು ತಪ್ಪಿದ್ದು ದೂರದಲ್ಲಲ್ಲ, ಹನ್ನೆರಡು ಹೆಜ್ಜೆಯಲ್ಲಿ. ಹುಂಜ ಮರದ ಹಿಂದಿನಿಂದ ದಿಢೀರನೆ ಬಂದು ನಿಂತಿತು. ಫುಲ್‌ಗಿಂತಲೂ ಬಿಗಿಯಾದ ಎಕ್ಸ್‌ಟ್ರಾ ಫುಲ್ ಚೋಕ್‌ನಿಂದ ಹೊರಟ ಚರೆಯೆಲ್ಲ ಮುಷ್ಟಿಯಷ್ಟೇ ಅಗಲ, ತಲೆಯ ಪಕ್ಕದ ತೊಗಟೆ ಕಿತ್ತುಬಂತು. ಅಜ್ಜನ ಜೋಡಿನಳಿಗೆಯಲ್ಲಿ ಬಲಗಡೆಯದು ಸಡಿಲ, ಎಡಗಡೆಯದು ಬಿಗಿ. ದೂರ ನೋಡಿ ಬೇಕಾದ ನಳಿಗೆಯ ಕುದುರೆ (ಟ್ರಿಗರ್) ಎಳೆದರಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ನಿಲ್ಲಿಸಿದ ನಂತರ ಆ ಕೋವಿಗೆ ಕೈಲ್‌ಪೊಳ್ದಿನ (ಕೊಡವರ ಆಯುಧ ಹಬ್ಬದ) ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವುದು, ಅಷ್ಟೇ. ದಟ್ಟ ಕಾಡಿನಲ್ಲಿ ಕೂರುವುದಾದರೆ ಮಾಮೂಲಿ ಫುಲ್ ಚೋಕ್ ಸಾಕು.

ಇನ್ನೊಬ್ಬರು: ಉಕ್ಕಿನ ಚರೆಯನ್ನು ಬಿಗಿ ಟರ್ಕಿ ಚೋಕ್‌ನಲ್ಲಿ ಹೊಡೆಯಬೇಡಿ, ಅದು ಸೀಸದಂತೆ ಅಮುಕಿಕೊಳ್ಳುವುದಿಲ್ಲ. ನಾಲ್ಕೈದು ಈಡಿಗೊಮ್ಮೆ ಚೋಕ್ ಸಡಿಲವಾಗಿದೆಯೇ ನೋಡಿ, ತೋಟೆ ತೆಗೆದ ಮೇಲೆ. ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ. ಹುಂಜದ ತಲೆಯ ಬಣ್ಣಗಳೂ ಅವೇ, ಬೇರೆ ಬೇಟೆಗಾರರು ನಿಮ್ಮನ್ನೇ ಹಕ್ಕಿಯೆಂದುಕೊಂಡಾರು.

ಕೇಳಿದವರು: ಫುಲ್ ಚೋಕ್ ಮತ್ತು ತಾಮ್ರ ಲೇಪಿಸಿದ ಐದನೇ ನಂಬರ್ ತಂದೆ. 40 ಗಜಕ್ಕೆ 83, 35 ಗಜಕ್ಕೆ 112. ನಿನ್ನೆ ಕೂರುವ ಓಕ್ ಮರದಿಂದ 35 ಗಜ ಅಳೆದು ಒಂದು ಕಡ್ಡಿ ನೆಟ್ಟು ಬಂದಿದ್ದೇನೆ. ಅದರಾಚೆ ಹುಂಜ ಎಷ್ಟೇ ಕುಣಿದರೂ ಕುದುರೆ ಮುಟ್ಟುವುದಿಲ್ಲ.